ಬ್ರೆಡ್ಡಿನ ಹುದುಗೂ ಕರುಳಿನ ಬೇನೆಯೂ

ಬ್ರೆಡ್ಡನ್ನು ಹುದುಗಿಸುವ ಕ್ರಮಕ್ಕೂ ಅದನ್ನುಣ್ಣುವವರ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತ ವಿವಾದವು ಇತ್ತೀಚಿನದಲ್ಲ. ಪ್ಯಾರಿಸ್ ನಗರದ ರೊಟ್ಟಿಗಾರರು ಹಳೆಯ ಹುಳಿಹಿಟ್ಟಿನ ಜೊತೆಗೆ ಬಿಯರಿನ ನೊರೆಯನ್ನು, ಎಂದರೆ ಯೀಸ್ಟನ್ನು, ಬೆರಸಿ ಮೆತ್ತನೆಯ ಬ್ರೆಡ್ಡನ್ನು ಮಾಡುತ್ತಿದ್ದರು. ೧೬೬೮ರಲ್ಲಿ ಅಲ್ಲಿಯ ವೈದ್ಯವಿದ್ಯಾಪೀಠವು ಈ ನೊರೆಯು ದೇಹಕ್ಕೆ ಅಹಿತವೆಂದು ತೀರ್ಮಾನಿಸಿತು. ಗೀ ಪತ್ಯಾಂ ಎಂಬ ವೈದ್ಯನು ಅದನ್ನು ಕಟುವಾಗಿ ನಿಂದಿಸಿದನು; ಕ್ಲೋದ್ ಪೆರೋ ಎಂಬವನು ಅದರ ಪಕ್ಷವನ್ನು ವಹಿಸಿದನು. ೧೬೭೦ರಲ್ಲಿ ಉಚ್ಚ ನ್ಯಾಯಸ್ಥಾನವು ವೈದ್ಯರ ಮಾತನ್ನು ಪೂರ್ಣವಾಗಿ ಮನ್ನಿಸದೆ, ನೊರೆಯು ಹೊಸದಾಗಿರಬೇಕು, ಹುಳಿಹಿಟ್ಟಿನೊಡನೆ ಬೆರಸಿರಬೇಕು ಎಂಬ ನಿಬಂಧನೆಗಳ ಮೇಲೆ ಅನುಮತಿಯನ್ನಿತ್ತಿತು. ಹುದುಗುವಿಕೆಯು ಜೀವಾಣುಗಳ ಕಾರ್ಯವೆಂಬುದು ಎರಡು ಪಕ್ಷದವರಿಗೂ ತಿಳಿದಿರಲಿಲ್ಲ. ಅದಕ್ಕೆ ಪಾಸ್ತರನ ಕಾಲವು ಬರಬೇಕಾಗಿದ್ದಿತು.

೧೯೬೧ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್ ಎಂಬ ಊರಿನ ಸಂಶೋಧಕರು ಹುದುಗುವ ಕಾಲವನ್ನೇ ಬಹುಮಟ್ಟಿಗೆ ತೊಡೆದುಹಾಕಿದರು. ಯಂತ್ರದ ಉಗ್ರವಾದ ನಾದುವಿಕೆ, ಆಸ್ಕಾರ್ಬಿಕ್ ಆಮ್ಲ, ಗಟ್ಟಿ ಕೊಬ್ಬು, ಹೆಚ್ಚಿನ ಯೀಸ್ಟು ಇವುಗಳಿಂದ ಹಿಟ್ಟು ಸುಮಾರು ಮೂರೂವರೆ ಗಂಟೆಯಲ್ಲಿ ಬ್ರೆಡ್ಡಾಗತೊಡಗಿತು.

ಕರುಳಿನ ದೀರ್ಘಕಾಲದ ಉರಿಯೂತಕ್ಕೆ ಈ ಅವಸರದ ಬ್ರೆಡ್ಡೇ ಕಾರಣವೆಂದು ಹೇಳುವವರುಂಟು. ಕಾಲಗಣನೆಯು ಈ ವಾದಕ್ಕೆ ಒಪ್ಪುವುದಿಲ್ಲ. ದೊಡ್ಡ ಕರುಳಿನ ವ್ರಣರೋಗವನ್ನು ಸ್ಯಾಮ್ಯುಯೆಲ್ ವಿಲ್ಕ್ಸ್ ೧೮೫೯ರಷ್ಟು ಹಿಂದೆಯೇ ವರ್ಣಿಸಿದ್ದನು. ಕ್ರೋನ್ ಮೊದಲಾದವರ ಲೇಖನವು ನ್ಯೂಯಾರ್ಕಿನಿಂದ ಹೊರಬಿದ್ದುದು ೧೯೩೨ರಲ್ಲಿ. ಬಳಿಕ ರೋಗಿಗಳ ಸಂಖ್ಯೆ ಹೆಚ್ಚಿತೆಂಬುದು ನಿಜವಾದರೂ, ಆ ಅವಧಿಯಲ್ಲಿ ಬದಲಾದುದು ಬ್ರೆಡ್ಡೊಂದೇ ಅಲ್ಲವಷ್ಟೆ!

ಆದರೂ ಹುದುಗಿನ ಪಕ್ಷದಲ್ಲಿ ಹೇಳತಕ್ಕದ್ದು ಸ್ವಲ್ಪವುಂಟು. ಗೋದಿಯಲ್ಲಿ ಫ್ರಕ್ಟಾನ್ ಎಂಬ ಶರ್ಕರ ಸರಪಳಿಗಳಿವೆ. ಸಣ್ಣ ಕರುಳು ಇವನ್ನು ಜೀರ್ಣಿಸಲಾರದು. ದೊಡ್ಡ ಕರುಳಿನ ಜೀವಾಣುಗಳು ಇವನ್ನು ತಿಂದು ವಾಯುವನ್ನುಂಟುಮಾಡುತ್ತವೆ. ಹುಳಿಹಿಟ್ಟು ಬಹುಕಾಲ ಹುದುಗಿದಲ್ಲಿ ಫ್ರಕ್ಟಾನ್‌ಗಳ ಬಹುಭಾಗವು ಒಲೆಗೆ ಹೋಗುವ ಮುನ್ನವೇ ಕರಗುತ್ತದೆ. ಇಂತಹ ಶರ್ಕರಗಳಿಗೂ ಕ್ರೋನನ ರೋಗಕ್ಕೂ ಸಂಬಂಧವಿರಬಹುದೆಂದು ೨೦೦೫ರಲ್ಲಿ ಆಸ್ಟ್ರೇಲಿಯದ ಗಿಬ್ಸನ್ ಮತ್ತು ಷೆಪರ್ಡ್ ಊಹಿಸಿದರು.

೨೦೨೦ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪರೀಕ್ಷೆಯು ಈ ಊಹೆಯನ್ನು ಮಿತಿಗೊಳಿಸುತ್ತದೆ. ಅದು ಹುಳಿಹಿಟ್ಟಿನ ಬ್ರೆಡ್ಡಿನ ಪರೀಕ್ಷೆಯಲ್ಲ. ರೋಗವು ಶಮನಸ್ಥಿತಿಯಲ್ಲಿದ್ದರೂ ಹೊಟ್ಟೆಯ ತೊಂದರೆ ತಪ್ಪದಿದ್ದ ೫೨ ಮಂದಿಯಲ್ಲಿ ಕೆಲವರಿಗೆ ನಾಲ್ಕು ವಾರಗಳ ಕಾಲ ಇಂತಹ ಶರ್ಕರಗಳು ಕಡಿಮೆಯಿರುವ ಆಹಾರವನ್ನು ವಿಧಿಸಿ, ಉಳಿದವರೊಡನೆ ಹೋಲಿಸಿ ನೋಡಲಾಯಿತು. ಅವರಲ್ಲಿ ಹೆಚ್ಚು ಮಂದಿಗೆ ಹೊಟ್ಟೆಯ ಬಾಧೆ ತಗ್ಗಿತು. ಉರಿಯೂತದ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸವು ಕಾಣಲಿಲ್ಲ. ಹೊಟ್ಟೆ ಹಗುರವಾಯಿತೆಂದು ಔಷಧವನ್ನು ಬಿಡುವ ರೋಗಿಗೆ ಈ ಭೇದವು ಅಲ್ಪವಾದುದಲ್ಲ. ಮೇಲಾಗಿ, ಕರುಳಿಗೆ ಹಿತವೆಂದು ಎಣಿಸಲಾಗಿರುವ ಕೆಲವು ಜೀವಾಣುಗಳು ಆ ಆಹಾರದಿಂದ ಕ್ಷೀಣಿಸಿದುವು. ಅವುಗಳಲ್ಲಿ ಕೆಲವಕ್ಕೆ ಫ್ರಕ್ಟಾನೇ ಆಹಾರ.