ಕೃತಕ ಕಾಲಿನ ಅಳತೆಗೆ ಅಲ್ಟ್ರಾಸೌಂಡ್ ನೆರವು

ಕೃತಕ ಕಾಲು ಧರಿಸಿದವರ ನಡಿಗೆ ಸುಗಮವಾಗುವುದೂ ಯಾತನೆಯಾಗುವುದೂ ಬಹುಮಟ್ಟಿಗೆ ಸಾಕೆಟ್ಟನ್ನು ಅವಲಂಬಿಸಿದೆ. ಅಂಗಚ್ಛೇದನದ ನಂತರ ಉಳಿಯುವ ಕಾಲಿನ ಭಾಗವನ್ನು ವೈದ್ಯರು ಸ್ಟಂಪ್ ಎನ್ನುತ್ತಾರೆ. ಅದನ್ನು ಒಳಗಿರಿಸಿಕೊಳ್ಳುವ ಬಟ್ಟಲಿನಾಕಾರದ ಭಾಗವೇ ಸಾಕೆಟ್. ಹೆಜ್ಜೆಯಿಟ್ಟಾಗ ದೇಹದ ಭಾರವನ್ನು ಇಲ್ಲಿ ಸ್ನಾಯು, ಕೊಬ್ಬು, ಚರ್ಮಗಳು ಹೊರಬೇಕು. ಇವು ಅಂಗಾಲಿನಂತೆ ಭಾರ ಹೊರಲು ರೂಪುಗೊಂಡವಲ್ಲ. ಅಳತೆ ತಪ್ಪಿದರೆ ಹುಣ್ಣಾಗುತ್ತದೆ. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗೆ ಅದು ತಡವಾಗಿ ತಿಳಿದು, ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಅಚ್ಚು ಹೇಳದ ಸಂಗತಿ

ಸ್ಟಂಪ್‌ಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅನುಭವದ ಆಧಾರದಲ್ಲಿ ತಿದ್ದುವುದು ರೂಢಿಯ ವಿಧಾನ. ಅಚ್ಚು ಹೊರ ಆಕಾರವನ್ನಷ್ಟೇ ನೀಡುತ್ತದೆ. ಎಲ್ಲಿ ಮೂಳೆ ಚರ್ಮಕ್ಕೆ ಸಮೀಪವಿದೆ, ಎಲ್ಲಿ ಸ್ನಾಯು ದಪ್ಪವಾಗಿದೆ ಎಂಬುದನ್ನು ತಂತ್ರಜ್ಞರು ಬೆರಳಿನಿಂದ ಒತ್ತಿ ಅಂದಾಜಿಸಬೇಕು.

ಕಾರ್ಯವಿಧಾನ

ಅಲ್ಟ್ರಾಸೌಂಡ್ ಈ ಅಂದಾಜಿಗೆ ಅಂಕಿಗಳ ಆಧಾರ ಒದಗಿಸುತ್ತದೆ. ಮನುಷ್ಯರಿಗೆ ಕೇಳಿಸದ ಧ್ವನಿತರಂಗಗಳು ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಪದರ ಬದಲಾದಲ್ಲೆಲ್ಲ ಪ್ರತಿಧ್ವನಿಸುತ್ತವೆ. ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ಆಳ ತಿಳಿಯುತ್ತದೆ. ಎಲಾಸ್ಟೋಗ್ರಫಿ ಎಂಬ ವಿಧಾನದಿಂದ ಅಂಗಾಂಶದ ಬಿಗಿತವನ್ನೂ ಅಳೆಯಬಹುದು. ಸಿಟಿ ಸ್ಕ್ಯಾನ್‌ನಂತೆ ಇಲ್ಲಿ ವಿಕಿರಣವಿಲ್ಲ. ಎಂಆರ್‌ಐಗಿಂತ ವೆಚ್ಚ ಕಡಿಮೆ. ಶಸ್ತ್ರಚಿಕಿತ್ಸೆಯ ಬಳಿಕ ತಿಂಗಳುಗಟ್ಟಲೆ ಸ್ಟಂಪ್ ಕುಗ್ಗುತ್ತಾ ಹೋಗುವುದರಿಂದ, ಪರೀಕ್ಷೆಯನ್ನು ಪುನರಾವರ್ತಿಸಲು ಸಾಧ್ಯವಿರುವುದು ಮುಖ್ಯ ಅನುಕೂಲ.

ತೊಡಕುಗಳು

ಪ್ರೋಬ್ ಒತ್ತಿದರೆ ಅಂಗಾಂಶವೇ ಅದುಮಿ ಅಳತೆ ವ್ಯತ್ಯಾಸವಾಗುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಸಂಶೋಧಕರು ಇದಕ್ಕೆ ಪರಿಹಾರವಾಗಿ ಕಾಲನ್ನು ನೀರಿನ ತೊಟ್ಟಿಯಲ್ಲಿರಿಸಿ, ಪ್ರೋಬ್ ತಾಗದಂತೆ ಸುತ್ತಲೂ ಚಿತ್ರಗಳನ್ನು ಪಡೆದು ಮೂರು ಆಯಾಮದ ರೂಪ ಕಟ್ಟಿದ್ದಾರೆ. ಆದರೆ ಧ್ವನಿತರಂಗ ಮೂಳೆಯನ್ನು ದಾಟಲಾರದು. ಮೂಳೆಯ ಮೇಲ್ಮೈ ಮಾತ್ರ ಗೋಚರಿಸುತ್ತದೆ.

ಭಾರತದಲ್ಲಿ ಕಾನೂನಿನ ಅಂಶವೂ ಇದೆ. ಜೈಪುರ ಕಾಲಿನಂತಹ ಕೃತಕ ಅಂಗಗಳನ್ನು ಊರೂರಿನ ಶಿಬಿರಗಳಲ್ಲೂ ಅಳವಡಿಸಲಾಗುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳಿಗೆ ನೋಂದಣಿ ಕಡ್ಡಾಯ. ಸಾಗಿಸಬಲ್ಲ ಯಂತ್ರಗಳನ್ನು ನೋಂದಾಯಿತ ಸ್ಥಳದ ಹೊರಗೆ ಬಳಸುವುದನ್ನು 2012ರ ನಿಯಮಗಳು ಇನ್ನಷ್ಟು ಬಿಗಿಗೊಳಿಸಿವೆ. ಹೀಗಾಗಿ ಶಿಬಿರಕ್ಕೆ ಯಂತ್ರ ಒಯ್ಯುವುದು ಸುಲಭವಲ್ಲ.

ಬಳಕೆದಾರರ ಗಮನಕ್ಕೆ

ಹೊಂದಿಕೊಂಡಿದ್ದ ಸಾಕೆಟ್ ಏಕಾಏಕಿ ನೋವು ಕೊಡತೊಡಗಿದರೆ ಬಟ್ಟೆ ತುರುಕಿ ಕಾಲ ತಳ್ಳುವುದು ಸರಿಯಲ್ಲ. ನರದ ತುದಿಯ ಗಂಟು, ದ್ರವ ಶೇಖರಣೆ, ಬಾವು ಮುಂತಾದವನ್ನು ಆಸ್ಪತ್ರೆಯ ಸಾಮಾನ್ಯ ಅಲ್ಟ್ರಾಸೌಂಡ್ ಯಂತ್ರದಿಂದಲೇ ಗುರುತಿಸಬಹುದು. ಸಾಕೆಟ್ ಬದಲಿಸಬೇಕೋ, ಮೊದಲು ಚಿಕಿತ್ಸೆ ಬೇಕೋ ಎಂಬ ತೀರ್ಮಾನಕ್ಕೆ ಇದು ನೆರವಾಗುತ್ತದೆ.