ಕಂಪ್ಯೂಟರ್ ಜೊತೆ ಬಂದ ವಿಂಡೋಸ್ ಯಾರದ್ದು? ಡಾಸ್‌ನಿಂದ ಮದರ್‌ಬೋರ್ಡ್‌ವರೆಗೆ ಒಂದು ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ ಅಂದ್ಕೊಳ್ಳಿ. ಸ್ಕ್ರೀನ್ ಹೋಗಿದೆ, ಕೀಬೋರ್ಡ್ ಕೈಕೊಟ್ಟಿದೆ. ಆದ್ರೆ ಅದರ ಜೊತೆ ಬಂದ ವಿಂಡೋಸ್‌ಗೆ ಏನೂ ಆಗಿಲ್ಲ. ಅವತ್ತು ನೀವು ಕೊಟ್ಟ ಬೆಲೆಯಲ್ಲಿ ಅದರ ದುಡ್ಡೂ ಸೇರಿತ್ತು. ಈಗ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದು, ಅದೇ ವಿಂಡೋಸನ್ನ ಇದಕ್ಕೆ ಹಾಕ್ಕೊಂಡ್ರೆ ತಪ್ಪೇನು?

ತಪ್ಪು ಅನ್ನುತ್ತೆ ಲೈಸೆನ್ಸ್. ಯಾಕೆ ಅನ್ನೋದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಆ ಇತಿಹಾಸದ ಉದ್ದಕ್ಕೂ ಜಗಳ ನಡೆದಿರೋದು ಒಂದೇ ವಿಷಯಕ್ಕೆ: 'ಕಂಪ್ಯೂಟರ್' ಅಂದ್ರೆ ಯಾವುದು?

1980ಕ್ಕೆ ಹೋಗೋಣ. ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನೋ ಸಣ್ಣ ಕಂಪನಿ 8086 ಚಿಪ್ ಇರುವ ಬೋರ್ಡ್‌ಗಳನ್ನ ಮಾರ್ತಿತ್ತು. ಅದಕ್ಕೆ ತಕ್ಕ ಆಪರೇಟಿಂಗ್ ಸಿಸ್ಟಂ ಮಾರುಕಟ್ಟೆಗೆ ಬರೋದು ತಡವಾಯ್ತು. ಹಾಗಾಗಿ ಅಲ್ಲಿದ್ದ ಟಿಮ್ ಪ್ಯಾಟರ್ಸನ್ ತಾವೇ ಒಂದನ್ನ ಬರೆದರು. ಅದೇ 86-ಡಾಸ್. 1981ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದನ್ನ 50,000 ಡಾಲರ್ ಕೊಟ್ಟು ಕೊಂಡುಕೊಳ್ತು. ಮುಂದಿನ ತಿಂಗಳೇ ಐಬಿಎಂ ಪಿಸಿ ಬಿಡುಗಡೆ ಆಯ್ತು. ಆಮೇಲಿನದು ಎಲ್ಲರಿಗೂ ಗೊತ್ತು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಭಾಗ ಒಂದಿದೆ. ಮಾರುವಾಗ ಆ ಸಣ್ಣ ಕಂಪನಿ ಒಂದು ಹಕ್ಕನ್ನ ಉಳಿಸಿಕೊಂಡಿತ್ತು. ತನ್ನ ಹಾರ್ಡ್‌ವೇರ್ ಜೊತೆಗೆ ಡಾಸ್ ಕೊಡೋದಾದ್ರೆ ಮೈಕ್ರೋಸಾಫ್ಟ್‌ಗೆ ರಾಯಲ್ಟಿ ಕಟ್ಟಬೇಕಿಲ್ಲ. 1981ರಲ್ಲಿ ಇದು ಸಣ್ಣ ಷರತ್ತು. ಡಾಸ್ ಜಗತ್ತಿನ ತುಂಬಾ ಹರಡಿದ ಮೇಲೆ ಇದೇ ಚಿನ್ನದ ಗಣಿ ಆಯ್ತು. ವ್ಯಾಪಾರ ಕುಸಿದಾಗ ಕಂಪನಿ ಒಂದು ಉಪಾಯ ಮಾಡ್ತು. ಬೋರ್ಡ್ ಇಲ್ಲ, ಪೆಟ್ಟಿಗೆ ಇಲ್ಲ, ಬರೀ ಒಂದು ಪ್ರೊಸೆಸರ್ ಚಿಪ್. ಅದರ ಜೊತೆ ಡಾಸ್! 'ಇದೂ ನಮ್ಮ ಹಾರ್ಡ್‌ವೇರೇ' ಅನ್ನೋದು ಅದರ ವಾದ. ಕೊಂಡವರು ಆ ಚಿಪ್ಪನ್ನ ಮೂಲೆಗೆ ಎಸೆದು, ಡಾಸನ್ನ ಬೇರೆ ಯಂತ್ರಕ್ಕೆ ಹಾಕ್ಕೊಂಡ್ರೆ ಕೇಳೋರು ಯಾರು? ಮೈಕ್ರೋಸಾಫ್ಟ್ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯ್ತು. ಕೊನೆಗೆ 1986ರಲ್ಲಿ 9,25,000 ಡಾಲರ್ ಕೊಟ್ಟು ಮೈಕ್ರೋಸಾಫ್ಟ್ ಆ ಹಕ್ಕನ್ನ ವಾಪಸ್ ಪಡೀತು. 1981ರ ಜುಲೈನಲ್ಲಿ ಕೊಟ್ಟ ಮೊತ್ತದ ಹದಿನೆಂಟು ಪಟ್ಟಿಗಿಂತ ಜಾಸ್ತಿ!

ಈ ಕಥೆಯಲ್ಲಿ ಮುಂದಿನದೆಲ್ಲ ಅಡಗಿದೆ. ಕಂಪ್ಯೂಟರ್ ತಯಾರಕರಿಗೆ ಆಪರೇಟಿಂಗ್ ಸಿಸ್ಟಂ ಸಗಟಾಗಿ, ಅಗ್ಗಕ್ಕೆ ಸಿಗುತ್ತೆ. ಇದನ್ನೇ ಓಇಎಂ ಪ್ರತಿ ಅಂತಾರೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗೋ ರೀಟೇಲ್ ಪ್ರತಿ ದುಬಾರಿ. ಓಇಎಂ ಪ್ರತಿ ಆ ಯಂತ್ರ ಬಿಟ್ಟು ಹೊರಗೆ ಬಂದ್ರೆ ದುಬಾರಿ ಪ್ರತಿಯನ್ನ ಯಾರು ಕೊಳ್ತಾರೆ? ಅಂದ್ರೆ, ಸಾಫ್ಟ್‌ವೇರನ್ನ ಯಂತ್ರಕ್ಕೆ ಕಟ್ಟಿದ ಹಗ್ಗ ತಂತ್ರಜ್ಞಾನದ್ದಲ್ಲ, ಬೆಲೆಯದ್ದು.

ಆ ಹಗ್ಗವನ್ನ ಜರ್ಮನಿಯಲ್ಲಿ ಒಂದು ಕೋರ್ಟ್ ಬಿಚ್ಚಿತು. ಅಲ್ಲಿನ ಒಂದು ವ್ಯಾಪಾರಿ ಸಂಸ್ಥೆ ಓಇಎಂ ಪ್ರತಿಯನ್ನ ಪಿಸಿ ಇಲ್ಲದೆ ಬಿಡಿಯಾಗಿ ಮಾರಿತ್ತು. ಮೈಕ್ರೋಸಾಫ್ಟ್ ದಾವೆ ಹೂಡಿತು. 2000ದ ಜುಲೈ 6ರಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ವ್ಯಾಪಾರಿಯ ಪರ ನಿಂತಿತು. ಒಂದು ಪ್ರತಿ ಮಾಲೀಕನ ಒಪ್ಪಿಗೆಯಿಂದಲೇ ಒಮ್ಮೆ ಮಾರುಕಟ್ಟೆಗೆ ಬಂದ ಮೇಲೆ, ಅದು ಮುಂದೆ ಯಾರ ಕೈಗೆ, ಯಾವುದರ ಜೊತೆ ಹೋಗಬೇಕು ಅಂತ ಹೇಳೋ ಹಕ್ಕು ಮಾಲೀಕನಿಗೆ ಉಳಿಯಲ್ಲ. ನಮ್ಮ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಮಾರೋಕೆ ಪ್ರಕಾಶಕರನ್ನ ಯಾರಾದ್ರೂ ಕೇಳ್ತಾರಾ? ಹಾಗೇ ಇದೂ. ಹಾಗಂತ ಪೂರ್ತಿ ಸ್ವಾತಂತ್ರ್ಯವೇನೂ ಸಿಗಲಿಲ್ಲ. 2016ರಲ್ಲಿ ಯುರೋಪಿನ ನ್ಯಾಯಾಲಯ, ಮೂಲ ಡಿಸ್ಕ್ ಹಾಳಾಗಿದ್ದರೂ ಅದರ ಬ್ಯಾಕಪ್ ಪ್ರತಿಯನ್ನ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ ಹೇಳ್ತು.

ಕಾನೂನಿನ ಹಗ್ಗ ಸಡಿಲವಾದ ಕಡೆ ಯಂತ್ರದ ಬೀಗ ಬಂತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆ್ಯಕ್ಟಿವೇಶನ್ ಶುರುವಾಯ್ತು. ಸಾಫ್ಟ್‌ವೇರೇ ತಾನು ಯಾವ ಯಂತ್ರದಲ್ಲಿ ಇದ್ದೀನಿ ಅಂತ ನೋಡತೊಡಗಿತು. ಆಗ ಕ್ಯಾಬಿನೆಟ್ ಮೇಲೆ ಕೀ ಬರೆದ ಸ್ಟಿಕ್ಕರ್ ಇರ್ತಿತ್ತು, ನೆನಪಿದೆಯಾ? 2012ರಲ್ಲಿ ವಿಂಡೋಸ್ 8 ಬಂದಾಗ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಆ ಕೀ ಮದರ್‌ಬೋರ್ಡಿನ ಚಿಪ್ ಒಳಗೇ ಹೋಗಿ ಕೂತಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಕಂಪ್ಯೂಟರ್ ಅಂದ್ರೆ ಯಾವುದು? ಮೈಕ್ರೋಸಾಫ್ಟಿನ ಓಇಎಂ ನಿಯಮದ ಉತ್ತರ: ಮದರ್‌ಬೋರ್ಡ್. ರ್‍ಯಾಮ್ ಬದಲಿಸಿ, ಹಾರ್ಡ್ ಡಿಸ್ಕ್ ಬದಲಿಸಿ, ತೊಂದರೆಯಿಲ್ಲ. ಮದರ್‌ಬೋರ್ಡ್ ಕೆಟ್ಟು ಬದಲಿಸಿದ್ರೂ ಅದು ಹಳೇ ಕಂಪ್ಯೂಟರೇ. ಆದ್ರೆ ಇನ್ನೂ ಒಳ್ಳೇದು ಬೇಕು ಅಂತ ಬದಲಿಸಿದ್ರೆ ಅದು ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್ ಬೇಕು. ಅದೇ ಬೋರ್ಡ್, ಅದೇ ಜಾಗ. ಉದ್ದೇಶ ಮಾತ್ರ ಬೇರೆ!

ನಮ್ಮ ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬ್ಯಾಕಪ್ ಪ್ರತಿ ಮಾಡಿಕೊಳ್ಳೋಕೆ ಅವಕಾಶ ಕೊಡುತ್ತೆ. ಆದ್ರೆ ಯಾವ ಉದ್ದೇಶಕ್ಕೆ ಸಾಫ್ಟ್‌ವೇರ್ ಕೊಟ್ಟಿದ್ದಾರೋ ಅದೇ ಉದ್ದೇಶದ ಬಳಕೆಗೆ ಮಾತ್ರ. ಹಾಗಾಗಿ ಮುಂದಿನ ಸಲ ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವರನ್ನ ಒಂದು ಮಾತು ಕೇಳಿ: 'ಇದು ಓಇಎಂ ವಿಂಡೋಸಾ, ರೀಟೇಲಾ?' ರೀಟೇಲ್ ಆದ್ರೆ ಹಳೇ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕ್ಕೊಳ್ಳಬಹುದು. ಓಇಎಂ ಆದ್ರೆ, ಆ ಮದರ್‌ಬೋರ್ಡ್ ಗುಜರಿಗೆ ಹೋದ ದಿನ ನೀವು ದುಡ್ಡು ಕೊಟ್ಟ ವಿಂಡೋಸೂ ಅದರ ಜೊತೆಗೇ ಹೋಗುತ್ತೆ.