ಮಾನವ–ಪ್ರಾಣಿ ಮಿಶ್ರಜೀವಿ: ಪ್ರಯೋಗ, ನಿಯಮ, ನಂಬಿಕೆ

ಪ್ರಾಣಿಯ ಭ್ರೂಣಕ್ಕೆ ಮಾನವ ಜೀವಕೋಶ ಸೇರಿಸಿ ಬೆಳೆಸಿದ ಜೀವಿಗೆ ‘ಕೈಮೆರಾ’ ಎನ್ನುತ್ತಾರೆ. ಕಸಿಗೆ ಬೇಕಾದ ಅಂಗಗಳನ್ನು ಬೆಳೆಸುವುದು ಇದರ ಒಂದು ಮುಖ್ಯ ಉದ್ದೇಶ. ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ಹಂದಿ ಭ್ರೂಣದಲ್ಲಿ ನಡೆಸಿದ ಇಂಥ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮಾನವ ಕೋಶಗಳು ಪ್ರಾಣಿಯ ಮೆದುಳನ್ನೋ ಸಂತಾನಕೋಶವನ್ನೋ ಸೇರಿದರೆ ಏನು ಗತಿ ಎಂಬುದೇ ದೊಡ್ಡ ಆತಂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅಂಥ ಪ್ರಾಣಿಗಳ ಸಂತಾನೋತ್ಪತ್ತಿಯನ್ನು ನಿಷೇಧಿಸಿದೆ.

ಸಾಂಗಲಿ, ಮಿರಜದ ಆಸ್ಪತ್ರೆಗಳಿಗೆ ಅಥಣಿ, ಕಾಗವಾಡ ಕಡೆಯ ಕನ್ನಡ ರೋಗಿಗಳೂ ಬರುತ್ತಾರೆ. ಹೃದ್ರೋಗಿಗಳಿಗೆ ಇದರಲ್ಲಿ ಹತ್ತಿರದ ಪ್ರಶ್ನೆಯೆಂದರೆ ಹಂದಿ ಇಲ್ಲವೆ ದನದ ಅಂಗಾಂಶದಿಂದ ಮಾಡಿದ ಹೃದಯ ಕವಾಟ. ಇದು ಮಿಶ್ರಜೀವಿಯಲ್ಲ, ಆದರೂ ಹಲವರಿಗೆ ನಂಬಿಕೆಯ ವಿಷಯ. ಯಾಂತ್ರಿಕ ಕವಾಟವಾದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಸಹಿ ಹಾಕಿಸಿಕೊಳ್ಳುವ ಮುನ್ನ ಎರಡನ್ನೂ ರೋಗಿಗೆ ಅವರ ಭಾಷೆಯಲ್ಲೇ ತಿಳಿಸಬೇಕು.